ಗಂಜಿ ಹಾಕಿದ ಗಾಳ

ಗಾಳದ ಕೋಲು ಆರಿಸುವುದು ಏನು ದೊಡ್ಡ ವಿದ್ಯೆ? ಒಂದು ಕೋಲು, ಒಂದು ರಾಟಿ, ಒಂದಿಷ್ಟು ದಾರ, ತುದಿಗೆ ಒಂದು ಕೊಂಡಿ. ಇದರಲ್ಲಿ ರಾಟಿ ಮತ್ತು ದಾರದ ನಡುವೆಯೇ ನನ್ನ ಆಯುಷ್ಯ ಕಳೆದಿದೆ. ಹತ್ತು ವರ್ಷದವಳಿದ್ದಾಗ ನನ್ನ ಕೈಗೆ ರಾಟಿಯ ಹಿಡಿಕೆ ಕೊಟ್ಟರು, ಅರವತ್ತು ದಾಟಿದ ಮೇಲೆ ಬಿಡಿಸಿದರು. ನಡುವೆ ನಾನು ಸುತ್ತಿದ ನೂಲನ್ನು ಬಿಚ್ಚಿ ಹಾಸಿದರೆ ಅದು ಗಜೇಂದ್ರಗಡದಿಂದ ಹೊರಟು, ರೋಣಕ್ಕೆ ಹೋಗಿ, ನರಗುಂದ ನೋಡಿಕೊಂಡು, ಮತ್ತೆ ಮನೆಗೆ ಬಂದರೂ ಮುಗಿಯುವುದಿಲ್ಲ. ಇಂಥವಳಿಗೆ ಗಾಳದ ರಾಟಿ ಆರಿಸಲು ಯಾರ ಸಲಹೆ ಬೇಕು? ಬೇಡ ಎಂದೆ. ಈಗಲೂ ಬೇಡ ಎಂದೇ ಅನ್ನುತ್ತೇನೆ. ಆಮೇಲೆ ಆದದ್ದು ಬೇರೆ ಮಾತು.

ನಮ್ಮದು ನೇಕಾರರ ಮನೆ. ಯಜಮಾನರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಪಟ್ಟೆದಂಚಿನ ಸೀರೆ ನೇಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ರಾಟಿ ತಿರುಗಿಸಿ ಕಂಡಿಕೆ ಸುತ್ತುತ್ತಿದ್ದೆ. ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯಲ್ಲಿ ಕೂಡುವ ಬೆರಳುದ್ದದ ನೂಲಿನ ಸುರುಳಿ. ಅದಿಲ್ಲದೆ ಮಗ್ಗ ಒಂದು ಗೇಣು ಮುಂದೆ ಹೋಗುವುದಿಲ್ಲ. ಆದರೆ ಸೀರೆ ಮುಗಿದು ಅಂಗಡಿಗೆ ಹೋದಾಗ ಜನ ಅನ್ನುತ್ತಿದ್ದದ್ದು ಒಂದೇ ಮಾತು: "ಹನಮಂತಪ್ಪನ ಸೀರಿ ಅಂದ್ರ ಸೀರಿ ನೋಡ." ಫಕೀರವ್ವನ ಕಂಡಿಕೆ ಎಂದು ಒಬ್ಬನೂ ಅನ್ನಲಿಲ್ಲ. ಇರಲಿ. ನಾನೂ ಕೇಳಲಿಲ್ಲ. ಕೆಲಸವಿತ್ತು.

ಯಜಮಾನರ ಮೊಣಕಾಲು ಕುಣಿ ಇಳಿಯಲು ಒಲ್ಲೆ ಎಂದ ವರ್ಷ ಮಗ್ಗ ನಿಂತಿತು. ಮಗ ಕುಣಿ ಮುಚ್ಚಿಸಿ, ಮೇಲೆ ಫರಸಿ ಕಲ್ಲು ಹಾಕಿಸಿ, ಅಲ್ಲಿ ಟಿವಿ ಇಟ್ಟ. ಅದೇ ವರ್ಷ ಮಳೆ ಚಲೋ ಆಗಿ ಊರ ಹೊರಗಿನ ಕೆರೆ ತುಂಬಿತು. ಯಜಮಾನರು ಒಂದು ಬಿದಿರು ಕೋಲಿಗೆ ದಾರ ಕಟ್ಟಿಕೊಂಡು ವಾರಕ್ಕೆ ಮೂರು ದಿನ ಕೆರೆಗೆ ಹೋಗಲು ಹತ್ತಿದರು. ಕುಣಿ ಇಳಿಯದ ಮೊಣಕಾಲು ಕೆರೆಯ ದಂಡೆಯನ್ನು ಮಾತ್ರ ಸರಸರ ಇಳಿಯುತ್ತಿತ್ತು. ಆ ಮೊಣಕಾಲಿನ ಬುದ್ಧಿ ನನಗೆ ಇವತ್ತಿಗೂ ತಿಳಿದಿಲ್ಲ.

ಅದಕ್ಕೂ ನನ್ನ ತಕರಾರು ಇರಲಿಲ್ಲ. ತಕರಾರು ಹುಟ್ಟಿದ್ದು ಹಿಟ್ಟಿನಿಂದ.

ಮೀನಿಗೆ ಗಾಳದ ತುದಿಯಲ್ಲಿ ಹಿಟ್ಟಿನ ಉಂಡೆ ಬೇಕು. ಗೋಧಿ ಹಿಟ್ಟು, ಒಂದಿಷ್ಟು ಪುಟಾಣಿ ಎಂಬ ಹುರಿಗಡಲೆಯ ಹಿಟ್ಟು, ಚಿಟಿಕೆ ಇಂಗು. ಗಟ್ಟಿಯಾಗಿ ನಾದಬೇಕು, ಇಲ್ಲದಿದ್ದರೆ ನೀರಲ್ಲಿ ಕರಗುತ್ತದೆ. ನಾದುವವರು ಯಾರು? ನಾನು. ಬೆಳಿಗ್ಗೆ ಎದ್ದ ಕೂಡಲೇ ಯಜಮಾನರ ಮೊದಲ ಮಾತು, "ಹಿಟ್ಟು ನಾದಿದೇನು?" ಸಂಜೆ ಮೀನು ತಂದರೆ ಕೊಯ್ಯುವವಳೂ ನಾನೇ, ಬೇಯಿಸುವವಳೂ ನಾನೇ. ಓಣಿಯವರು ಬಂದು ಉಂಡು, ಕೈ ನೆಕ್ಕಿ ಹೇಳುತ್ತಿದ್ದರು, "ಹನಮಂತಪ್ಪ ಹಿಡದ ಮೀನ ಅಂದ್ರ ಮೀನ." ಆಗ ನನಗೆ ತಿಳಿಯಿತು. ಮಗ್ಗ ಹೋಯಿತು, ಕಂಡಿಕೆ ನನ್ನನ್ನು ಬಿಟ್ಟಿಲ್ಲ.

ಒಂದು ಬುಧವಾರ ಅವರು ಬಸಿಯಲ್ಲಿ ಚಹಾ ಸುರುವಿಕೊಂಡು ಕುಡಿಯುತ್ತಿದ್ದಾಗ ಹೇಳಿದೆ.

"ರೀ, ಇನ್ನ ಮ್ಯಾಲ ನಾನೂ ಕೆರಿಗೆ ಬರ್ತೇನಿ."

"ಬಾ. ಹಿಟ್ಟಿನ ಡಬ್ಬಿ ಹಿಡಕೊಂಡು ಬಾಜೂಕ ಕುಂದ್ರು. ಒಂದ ಕೈಯಾಗ ಹಿಟ್ಟು, ಒಂದ ಕೈಯಾಗ ಗಾಳ, ನನಗೂ ತ್ರಾಸ ಆಗತೈತಿ."

"ಡಬ್ಬಿ ಹಿಡಿಯಾಕಲ್ಲ. ಗಾಳ ಹಾಕಾಕ."

ಅವರು ಬಸಿ ಕೆಳಗಿಟ್ಟರು. "ನೀನು?"

"ನಾನ."

"ಅದಕ್ಕ ಭಾಳ ತಾಳ್ಮಿ ಬೇಕು."

"ನಿಮ್ಮ ಜೋಡಿ ನಲವತ್ತಾರು ವರ್ಷ ಬಾಳೇವು ಮಾಡೇನಿ. ಇನ್ನ ಎಷ್ಟು ತಾಳ್ಮಿ ಬೇಕ್ರಿ?"

ಯಜಮಾನರು ಸ್ವಲ್ಪ ಹೊತ್ತು ಮೀಸೆ ತಿಕ್ಕಿದರು. ಮೀಸೆ ತಿಕ್ಕಿದರೆಂದರೆ ಏನೋ ಕುತಂತ್ರ ಹೊಳೆದಿದೆ ಎಂದು ಅರ್ಥ.

"ಹಂಗಾದ್ರ ಒಂದ ಮಾತು," ಎಂದರು. "ಬರೂ ಐತವಾರ ನಿನ್ನ ಕೋಲಿನಿಂದ ಒಂದ ಮೀನ ಎತ್ತು. ಬೆರಳಿನಷ್ಟರ ಇರಲಿ, ಸಾಕು. ಎತ್ತಿದಿ ಅಂದ್ರ ಅವತ್ತಿಂದ ಹಿಟ್ಟು ನಾನ ನಾದತೇನಿ, ನನಗೂ, ನಿನಗೂ. ಎತ್ತಲಿಲ್ಲ ಅಂದ್ರ, ನಾ ಕೆರಿಗೆ ಹೋಗೂದ ಬಿಡೂತನಕಾ ನೀನ ನಾದಬೇಕು. ಬಾಯಿ ಮುಚಗೊಂಡು."

"ಬಾಯಿ ಮುಚಗೊಂಡು ಅಂದ್ರ?"

"ಅಂದ್ರ ನಾದೂಮುಂದ ಒಟಗುಟ್ಟಬಾರದು. ಒಂದ ಶಬ್ದ ಬರಬಾರದು."

ನಮ್ಮ ಮನೆಗೂ ದ್ಯಾಮವ್ವನ ಮನೆಗೂ ನಡುವೆ ಎದೆಮಟ್ಟದ ಗೋಡೆ. ಆ ಗೋಡೆಯ ಮೇಲೆ ಅವಳ ತಲೆ ಎದ್ದಿತು. "ನಾ ಸಾಕ್ಷಿ ಅದೇನಿ ಯಕ್ಕಾ, ಹೂಂ ಅನ್ನು," ಎಂದಳು.

ಹೂಂ ಅಂದೆ. ಹಿಟ್ಟು ನಾದುವುದು ನನಗೆ ಕಷ್ಟವಲ್ಲ. ಕೈಗೆ ಏನಾದರೂ ಬೇಕೇ ಬೇಕು. ಆದರೆ ಬಾಯಿ ಮುಚ್ಚಿಕೊಂಡು ನಾದು ಎಂದರೆ ಅದು ನನ್ನಿಂದ ಆಗದ ಕೆಲಸ. ನಾನು ಸುಮ್ಮನೆ ಕೂತದ್ದನ್ನು ನೋಡಿದವರು ಈ ಊರಲ್ಲಿ ಯಾರೂ ಇಲ್ಲ. ಆದಕಾರಣ ಮೀನು ಎತ್ತಲೇಬೇಕಾಯಿತು. ಮೀನು ಎತ್ತಲು ಕೋಲು ಬೇಕಾಯಿತು.

ಮರುದಿನ ಮಾಬುಸಾಬನ ಅಂಗಡಿಗೆ ಹೋದೆ. ಬಸ್ ಸ್ಟ್ಯಾಂಡಿನ ಎದುರಿಗೆ, ಹಗ್ಗ, ಬಲೆ, ಜರಡಿ, ಬೀಗ ಮಾರುವ ಅಂಗಡಿ. ಅವನು ನಮ್ಮ ಯಜಮಾನರ ಜೊತೆ ಕೆರೆಯಲ್ಲಿ ಕೂಡುವವನೇ. ಆದರೆ ಅವನದೂ ಬಿದಿರು ಕೋಲು. ಹುಬ್ಬಳ್ಳಿಯಿಂದ ತಂದ ರಾಟಿ ಕೂಡಿಸಿದ ಕೋಲುಗಳು ಎರಡು ವರ್ಷದಿಂದ ಅವನ ಅಂಗಡಿಯ ತೊಲೆಗೆ ತೂಗುಬಿದ್ದಿದ್ದವು. ಯಾರೂ ಕೊಂಡಿರಲಿಲ್ಲ. ಅವನೂ ಬಿಚ್ಚಿ ನೋಡಿರಲಿಲ್ಲ.

"ಗಾಳದ ಕೋಲು ಬೇಕು ಮಾಬಣ್ಣಾ. ರಾಟಿ ಇರೂದು."

"ಯಾರಿಗ್ರಿ ಅಕ್ಕಾರ?"

"ನಿನ್ನ ಮುಂದ ಯಾರ ನಿಂತಾರ?"

ಅವನು ನನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ಒಮ್ಮೆ ನೋಡಿದ. ಆಮೇಲೆ ಏಣಿ ಹಾಕಿ ಒಂದು ಕೋಲು ಇಳಿಸಿದ. "ಹೊಸಬರಿಗೆ ಇದ ಚಲೋ ಅಂತ್ರಿ. ಹುಬ್ಬಳ್ಳಿ ವ್ಯಾಪಾರಿ ಹಂಗಂತ ಹೇಳಿ ಕಳಿಸ್ಯಾನ. ಹಗುರ ಐತಿ, ಒಂದರಾಗ ಒಂದ ಹೋಗತೈತಿ, ಚೀಲದಾಗ ಹಿಡಿತೈತಿ."

ನಾನು ಕೋಲನ್ನು ಎಳೆದು ಉದ್ದ ಮಾಡಿ, ತುದಿ ಹಿಡಿದು ಬಗ್ಗಿಸಿದೆ. ಹಸಿ ನುಗ್ಗೆ ಟೊಂಗೆಯ ಹಾಗೆ ಬಾಗಿತು.

"ಇದು ಬಾಗತೈತಲ್ಲೋ."

"ಬಾಗಬೇಕಂತ್ರಿ. ಮೀನ ಜಗ್ಗಿದಾಗ ಕೋಲು ಬಾಗಬೇಕಂತ."

"ಮೀನ ಜಗ್ಗಿದ್ರ ಬಾಗೂದು, ನಾ ಜಗ್ಗಿದ್ರ ಏನಾದೀತು?"

ಮಗ್ಗಕ್ಕೆ ಹತ್ತಾರು ಕೋಲು ಬೇಕು. ಅದರಲ್ಲಿ ಒಂದು ಬಾಗಿದರೂ ಬಟ್ಟೆ ಸೊಟ್ಟ. ಬಾಗಿದ ಕೋಲಿಗೆ ನಮ್ಮ ಮನೆಯಲ್ಲಿ ಒಂದೇ ಜಾಗ, ಒಲೆ. ಆದರೂ ನ್ಯಾಯ ಬಿಡಬಾರದೆಂದು ಅದರ ರಾಟಿಯನ್ನೂ ಪರೀಕ್ಷೆ ಮಾಡಿದೆ. ಹಿಡಿಕೆ ತಿರುಗಿಸಿದರೆ ದಾರದ ಸುರುಳಿ ಕೂತಲ್ಲೇ ಕೂತಿತ್ತು. ಅದರ ಸುತ್ತ ಒಂದು ತಂತಿಯ ಬಳೆ ಗಿರಗಿರ ತಿರುಗುತ್ತಿತ್ತು. ಐವತ್ತು ವರ್ಷದಲ್ಲಿ ಇಂಥ ವಿಪರೀತವನ್ನು ನಾನು ಕಂಡಿಲ್ಲ. ರಾಟಿ ಅಂದ ಮೇಲೆ ಕಂಡಿಕೆ ತಿರುಗಬೇಕು, ನೂಲು ಬಂದು ಅದಕ್ಕೆ ಸುತ್ತಿಕೊಳ್ಳಬೇಕು.

"ಮಾಬಣ್ಣಾ, ಇದು ಕೆಟ್ಟೈತಿ."

"ಕೆಟ್ಟಿಲ್ರಿ ಅಕ್ಕಾರ. ಅದು ಇರೂದ ಹಂಗ."

"ಮದಲಿಂಗ ಕುಂತಾನ, ಹಂದರ ತಿರಗಾಕತ್ತೈತಿ. ಇದೂ ಒಂದು ರಾಟೇನು?"

ಅದರ ದಾರ ಹಿಡಿದು ಜಗ್ಗಿದೆ. ಕರ್ರ್ ಎಂದು ಜಾರಿ ಬಂತು. ಬಿಗಿಯೂ ಇಲ್ಲ. ದೊಡ್ಡ ಮೀನು ಜಗ್ಗಿದಾಗ ಜಾರಲೆಂದೇ ಹಾಗೆ ಮಾಡಿರುತ್ತಾರೆ ಎಂದು ಮಾಬುಸಾಬ ಹೇಳಿದ. ಬಾಗುವ ಕೋಲು, ಜಾರುವ ದಾರ, ತಿರುಗದ ಕಂಡಿಕೆ. ಇದು ಮೀನು ಹಿಡಿಯಲು ಮಾಡಿದ್ದೋ, ಮೀನಿಗೆ ಸಲಾಮು ಹೊಡೆಯಲು ಮಾಡಿದ್ದೋ ನನಗೆ ತಿಳಿಯಲಿಲ್ಲ. "ತಗದಿಡು," ಎಂದೆ.

ಆಗ ತೊಲೆಯ ತುದಿಯಲ್ಲಿ ಇನ್ನೊಂದು ಕಂಡಿತು. ಮೊಣಕೈ ದಪ್ಪದ ಡಬ್ಬಿ, ಮೇಲೆ ಬೆರಳಷ್ಟು ಧೂಳು. ಇಳಿಸಲು ಹೇಳಿದೆ. ಕೋಲು ಗಿಡ್ಡ, ಎತ್ತಿನ ಬಾರುಕೋಲಿನಷ್ಟು ದಪ್ಪ. ಬಗ್ಗಿಸಿದೆ, ಬಗ್ಗಲಿಲ್ಲ. ಮಾಬುಸಾಬನ ಕೈಗೆ ಕೊಟ್ಟು ಬಗ್ಗಿಸು ಎಂದೆ, ಅವನಿಂದಲೂ ಆಗಲಿಲ್ಲ. ರಾಟಿ ನೋಡಿದೆ. ಹಿತ್ತಾಳೆ ಬಣ್ಣದ ಗಟ್ಟಿ ಸಾಮಾನು. ಹಿಡಿಕೆ ತಿರುಗಿಸಿದರೆ ಕಂಡಿಕೆಯೇ ತಿರುಗುತ್ತಿತ್ತು. ಟರಟರ ಎಂಬ ಸಪ್ಪಳವೂ ನನ್ನ ಹಳೆಯ ರಾಟಿಯದೇ. ನನ್ನ ಕಣ್ಣಲ್ಲಿ ನೀರು ಬರಲಿಲ್ಲ, ನಾನು ಅಂಥವಳಲ್ಲ. ಆದರೆ ಕೈ ಹಿಡಿಕೆ ಬಿಡಲಿಲ್ಲ.

"ಅಕ್ಕಾರ, ಅದು ಸಮುದ್ರದ್ದಂತ್ರಿ," ಎಂದ ಮಾಬುಸಾಬ. "ಡಬ್ಬಿ ಮ್ಯಾಲಿನ ಚಿತ್ರ ನೋಡ್ರಿ. ಹಡಗ ಐತಿ."

ನೋಡಿದೆ. ಡಬ್ಬಿಯ ಮೇಲಿನ ಅಕ್ಷರ ಇಂಗ್ಲಿಷಿನವು. ನಾನು ಕನ್ನಡದ ಬೋರ್ಡು ಓದಿ ಮುಗಿಸುವುದರೊಳಗೇ ಬಸ್ಸು ಹೋಗಿಬಿಡುತ್ತದೆ. ಚಿತ್ರ ಮಾತ್ರ ತಿಳಿಯಿತು. ಟೊಪ್ಪಿಗೆ ಹಾಕಿದ ಒಬ್ಬ ಗಂಡಸು ಹಡಗಿನ ಮೇಲೆ ನಿಂತು ಎಮ್ಮೆ ಕರುವಿನಷ್ಟು ದೊಡ್ಡ ಮೀನನ್ನು ಅಪ್ಪಿಕೊಂಡಿದ್ದ.

"ಎಮ್ಮಿ ಕರದಂಥಾದ್ದು ಬರತೈತಿ ಅಂದ್ರ ಬೆರಳಿನಂಥಾದ್ದು ಬರಾಂಗಿಲ್ಲೇನು?"

"ಹೊಸಬರ ಕೈಗೆ ಇದು ಬಗ್ಗೂದಿಲ್ಲ ಅಂತ ಆ ವ್ಯಾಪಾರಿ ಖಡಾಖಂಡಿತ ಹೇಳ್ಯಾನ್ರಿ."

"ನಾ ಹೊಸಬಾಕಿ ಅಂತ ಯಾರ ಹೇಳಿದ್ರು?"

"ಮೀನ ಹಿಡಿಯೂದರಾಗ್ರಿ, ಅಕ್ಕಾರ."

"ರಾಟಿ ತಿರುವೂದರಾಗ ಆ ವ್ಯಾಪಾರಿ ಅವ್ವನಕಿಂತ ಹಿರ್ಯಾಕಿ ಅದೇನಿ."

ಮಾಬುಸಾಬ ಕೊನೆಯ ಉಪಾಯವೆಂದು ಕಿಸೆಯಿಂದ ಹೊಸ ಮೊಬೈಲು ತೆಗೆದ. "ತಡೀರಿ, ಹುಬ್ಬಳ್ಳಿಗೆ ಮಿಸ್ ಕಾಲ್ ಕೊಟ್ಟೇನಿ. ಅವನ ತಿರುಗಿ ಹಚ್ಚತಾನ. ಅವನ ಬಾಯಿಲೆ ಕೇಳ್ರಿ." ಇಬ್ಬರೂ ಆ ಮೊಬೈಲನ್ನು ನೋಡುತ್ತ ಕೂತೆವು. ಎರಡು ಬಸ್ಸು ಹೋದವು. ಮೊಬೈಲು ಉಸಿರೆತ್ತಲಿಲ್ಲ. ನಾನು ಕೋಲನ್ನು ಹೆಗಲಿಗೆ ಹಾಕಿಕೊಂಡು ಎದ್ದೆ. ಆ ವ್ಯಾಪಾರಿ ಸಂಜೆಗೆ ತಿರುಗಿ ಫೋನು ಹಚ್ಚಿ, ಮುದುಕಿಗೆ ಅದನ್ನು ಮಾತ್ರ ಕೊಡಬೇಡ ಎಂದನಂತೆ. ಸಂಜೆಗೆ ಹೇಳಿದರೆ ಏನು ಉಪಯೋಗ? ತಪ್ಪು ಹುಬ್ಬಳ್ಳಿಯದು.

ಮನೆಗೆ ಬಂದು ಮೊದಲು ಮಾಡಿದ ಕೆಲಸ, ರಾಟಿಯ ಒಂದು ತಿರುಪನ್ನು ಇಕ್ಕಳದಿಂದ ಕೊನೆಯವರೆಗೆ ಬಿಗಿ ಮಾಡಿದ್ದು. ಅದನ್ನು ಸಡಿಲ ಬಿಟ್ಟರೆ ಈ ದಾರವೂ ಜಾರುತ್ತಿತ್ತು. ಆಮೇಲೆ ದಾರವನ್ನೇ ಬಿಚ್ಚಿ ಒಗೆದೆ. ಪ್ಲಾಸ್ಟಿಕ್ಕಿನ ದಾರ. ಕೈಗೆ ಹತ್ತುವುದಿಲ್ಲ, ಗಂಟು ನಿಲ್ಲುವುದಿಲ್ಲ. ನೇಕಾರರ ಮನೆಯಲ್ಲಿ ಅದನ್ನು ನೂಲು ಎಂದರೆ ನಗುತ್ತಾರೆ. ಅಟ್ಟದ ಮೇಲೆ ಮಗ್ಗದ ಕಾಲದ ಹತ್ತಿ ನೂಲಿತ್ತು. ನಾಲ್ಕು ಎಳೆ ಕೂಡಿಸಿ ಹುರಿ ಮಾಡಿದೆ. ನೋಡಲು ಕಣ್ಣಿಗೆ ಹಬ್ಬ.

ಇನ್ನು ಗಂಜಿ. ಮಗ್ಗಕ್ಕೆ ಏರುವ ಹಾಸಿನ ನೂಲಿಗೆ ಗಂಜಿ ಬಳಿಯದಿದ್ದರೆ ಅದು ಸವೆದು, ನವಿರೆದ್ದು, ಹರಿದು ಹೋಗುತ್ತದೆ. ಗಂಜಿ ಹಾಕದ ನೂಲನ್ನು ಕೆಲಸಕ್ಕೆ ಹಚ್ಚುವುದು ನಮ್ಮಲ್ಲಿ ಹಲ್ಲು ತಿಕ್ಕದೆ ಚಹಾ ಕುಡಿದ ಹಾಗೆ. ಶುಕ್ರವಾರ ಅಕ್ಕಿ ಹಿಟ್ಟಿನ ಗಂಜಿ ಕಾಸಿ, ಎರಡು ಹನಿ ಶೇಂಗಾ ಎಣ್ಣೆ ಬಿಟ್ಟೆ. ಓಣಿಯ ಲೈಟಿನ ಕಂಬದಿಂದ ಬೇವಿನ ಗಿಡದವರೆಗೆ ನೂಲನ್ನು ಬಿಗಿದು ಕಟ್ಟಿ, ಕುಂಚದಿಂದ ಬಳಿಯಲು ಹತ್ತಿದೆ. ಗಂಜಿಯ ಗಮ ಓಣಿಗೆಲ್ಲ ಹಬ್ಬಿತು.

ದ್ಯಾಮವ್ವ ಹೊರಗೆ ಬಂದಳು. "ಯಾವ ಸೀರಿಗೆ ಯಕ್ಕಾ ಇದು? ಒಂದ ಎಳಿ ಐತಿ?"

"ಇದು ಮೀನಿನ ಸೀರಿ."

"ಮೀನ ಯಾವಾಗಿಂದ ಸೀರಿ ಉಡಾಕ ಹತ್ಯಾವು?"

"ಐತವಾರದಿಂದ."

ಅವಳು ನಗುತ್ತಿದ್ದಂತೆ ಅವಳ ಆಡು ಕಟ್ಟು ಬಿಚ್ಚಿಕೊಂಡು ಬಂದು ನೂಲಿನ ಆ ತುದಿಯಿಂದ ನೆಕ್ಕಲು ಶುರುಮಾಡಿತು. ನಾನು ಈ ತುದಿಯಿಂದ ಬಳಿಯುತ್ತ ಹೋದರೆ ಅದು ಆ ತುದಿಯಿಂದ ನೆಕ್ಕುತ್ತ ಬಂತು. ನಡುವೆ ಇಬ್ಬರೂ ಮುಖಾಮುಖಿ ಆದೆವು. ಆಡನ್ನು ಹೊಡೆದು ಓಡಿಸಿ ಮತ್ತೆ ಬಳಿದೆ. ಜೀವ ಇರುವ ಯಾವುದಕ್ಕೂ ಗಂಜಿ ರುಚಿ ಎಂದು ಆಡು ಅಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟರೂ ನನಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಸೈಕಲ್ಲಿನ ತುಂಬ ಸ್ಟೀಲ್ ಪಾತ್ರೆ ಕಟ್ಟಿಕೊಂಡು ಪಾತ್ರೆ ಮಾರುವವನು ಓಣಿಯ ತಿರುವಿನಲ್ಲಿ ಬಂದ. ಒಂಟಿ ನೂಲು ಕಣ್ಣಿಗೆ ಕಾಣುವುದಿಲ್ಲ. ನಾನು ಕೂಗುವುದರೊಳಗೆ ನೂಲು ಅವನ ಎದೆಗೆ ಅಡ್ಡ ಬಿತ್ತು. ಸೈಕಲ್ಲು ಮುಂದೆ ಹೋಯಿತು, ಅವನು ಹಿಂದೆ ಉಳಿದ. ಕೊಡ, ಬೋಗುಣಿ, ಚೊಂಬುಗಳು ಓಣಿಯ ತುಂಬ ಉರುಳಿದವು. ಅವನು ಎದ್ದು ಮಣ್ಣು ಜಾಡಿಸಿಕೊಂಡು, ಎದೆಗೆ ಅಂಟಿದ ಗಂಜಿಯನ್ನು ಮುಟ್ಟಿ ನೋಡಿಕೊಂಡ.

"ಯವ್ವಾ, ಓಣ್ಯಾಗ ಗಾಳ ಹಾಕಿ ಮನಿಷ್ಯಾರನ್ನ ಹಿಡಿತೀರೇನು?"

"ಅಂತೂ ಯಕ್ಕನ ಬೋಣಿಗಿ ಆತು," ಎಂದಳು ದ್ಯಾಮವ್ವ.

ನಾನು ಅವರಿಬ್ಬರ ಮಾತು ಕೇಳಿಸಿಕೊಳ್ಳಲಿಲ್ಲ. ಓಡಿ ಹೋಗಿ ನೂಲು ನೋಡಿದೆ. ಪಾತ್ರೆಯವನು ಬಿದ್ದಿದ್ದ, ನೂಲು ಹರಿದಿರಲಿಲ್ಲ. ಇದಕ್ಕಿಂತ ದೊಡ್ಡ ಪರೀಕ್ಷೆ ಯಾವ ಸರಕಾರ ಮಾಡುತ್ತದೆ? ಅವನಿಗೆ ಚಹಾ ಕುಡಿಸಿ, ಉರುಳಿದ ಚೊಂಬು ಆರಿಸಿಕೊಟ್ಟು ಕಳಿಸಿದೆ. ಸಂಜೆ ನೂಲನ್ನು ಗಾಳದ ರಾಟಿಗೆ ಸುತ್ತಿದೆ. ಎಳೆಯ ಮೇಲೆ ಎಳೆ, ಒಂದು ಕೂದಲಷ್ಟೂ ಏರುಪೇರಿಲ್ಲ. ಯಜಮಾನರು ಬಂದು ನೋಡಿದರು. ಸುತ್ತಿದ್ದು ಚಂದ ಆಗಿದೆ ಎಂದು ಅವರ ಮುಖವೇ ಹೇಳುತ್ತಿತ್ತು, ಬಾಯಿ ಹೇಳಲಿಲ್ಲ.

"ಅಂಗಳದಾಗ ಒಂದ ಸಲ ಒಗದರ ನೋಡು," ಎಂದರು.

"ಐತವಾರ ನೋಡ್ರಿ."

ರಾಟಿ ತಿರುಗಿಸಲು ನನಗೆ ಅಭ್ಯಾಸ ಬೇಕೇ?

ಭಾನುವಾರ ಬೆಳಿಗ್ಗೆ ನಮ್ಮ ಮೆರವಣಿಗೆ ಕೆರೆಗೆ ಹೊರಟಿತು. ಮುಂದೆ ಯಜಮಾನರು ಬಿದಿರು ಕೋಲು ಹಿಡಿದು, ಹಿಂದೆ ನಾನು ಸಮುದ್ರದ ಕೋಲು ಹೊತ್ತು, ನನ್ನ ಹಿಂದೆ ಸಾಕ್ಷಿ ಹೇಳಲು ದ್ಯಾಮವ್ವ ಎಲೆ ಅಡಿಕೆ ಚೀಲದೊಂದಿಗೆ. ಮಾಬುಸಾಬ ಅಂಗಡಿ ಮುಚ್ಚಿ ಮೊದಲೇ ಬಂದು ಕೂತಿದ್ದ. ಯಜಮಾನರು ತಮ್ಮ ಚಪ್ಪಟೆ ಕಲ್ಲಿನ ಮೇಲೆ ಕೂತರು. ನಾನು ಹತ್ತು ಹೆಜ್ಜೆ ಆಚೆ ನಿಂತೆ. ಕೊಂಡಿಗೆ ಹಿಟ್ಟು ಚುಚ್ಚಿದೆ. ಡಬ್ಬಿಯಲ್ಲಿ ಸೀಸದ ಗುಂಡೂ ಬಂದಿತ್ತು, ನಿಂಬೆಕಾಯಿಯಷ್ಟು. ಕಟ್ಟಿದೆ. ಸೆರಗು ಸಿಕ್ಕಿಸಿ, ಕಂಡಿಕೆಯನ್ನು ತಿರುಗಲು ಬಿಡುವ ಕೀಲು ತೆಗೆದು, ಕೋಲನ್ನು ಹಿಂದಕ್ಕೆ ಒಯ್ದು, ಬೀಸಿದೆ.

ಗುಂಡು ಹೋಯಿತು. ದುಡುಂ ಎಂದು ನೀರಿಗೆ ಬಿತ್ತು. ಬಿದ್ದು ಸುಮ್ಮನಾಯಿತು. ಆದರೆ ರಾಟಿ ಸುಮ್ಮನಾಗಲಿಲ್ಲ. ಅದು ತಿರುಗುತ್ತಲೇ ಇತ್ತು. ಗುಂಡು ನಿಂತಿದೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ನೂಲು ಮುಂದೆ ಹೋಗಲು ದಾರಿ ಇಲ್ಲದೆ ರಾಟಿಯ ಮೇಲೆಯೇ ಉಕ್ಕಿ, ನನ್ನ ಕೈ, ಬಳೆ, ಕೊರಳಿಗೆಲ್ಲ ಸುತ್ತಿಕೊಂಡಿತು. ಹಾಲು ಉಕ್ಕಿದರೆ ನೀರು ಚಿಮುಕಿಸಿ ನಿಲ್ಲಿಸಬಹುದು. ನೂಲು ಉಕ್ಕಿದರೆ ಏನು ಮಾಡಬೇಕು? ನನ್ನ ಮನೆಯ ರಾಟಿಗೆ ಎರಡೂ ಕಡೆ ನನ್ನ ಕೈ ಇರುತ್ತಿತ್ತು. ಇಲ್ಲಿ ಹೆಬ್ಬೆರಳಿಂದ ಕಂಡಿಕೆ ಒತ್ತಿ ಹಿಡಿಯಬೇಕಂತೆ. ಇದೂ ಹುಬ್ಬಳ್ಳಿಯವನು ಆಮೇಲೆ ಹೇಳಿದ್ದು.

"ಗುಬ್ಬಿ ಗೂಡ ಕಟ್ಟೈತಿ ನೋಡ್ರಿ," ಎಂದ ಮಾಬುಸಾಬ, ಬಹಳ ಮರ್ಯಾದೆಯಿಂದ.

"ಸಿಕ್ಕು ಬಿಡಿಸಾಕ ನನಗ ಯಾರೂ ಕಲಿಸಬೇಕಾಗಿಲ್ಲ," ಎಂದೆ.

ಬಿಡಿಸಿದೆ. ಒಂದು ಎಳೆ ಹರಿಯದಂತೆ ಬಿಡಿಸಿದೆ. ಆ ಕೆಲಸದಲ್ಲಿ ನನಗೆ ಸಮಾನರಿಲ್ಲ. ಬಿಡಿಸಿ ಮುಗಿಸಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಯಜಮಾನರ ಬುಟ್ಟಿಯಲ್ಲಿ ಎರಡು ಮೀನು ಬಿದ್ದಿದ್ದವು.

ಎರಡನೆಯ ಸಲ ಬೀಸಿದೆ. ಹಿಂದಕ್ಕೆ ತೆಗೆದಾಗ ಏನೋ ಹಗುರವಾಗಿ ಹಿಡಿದಂತಾಯಿತು. ನಾನು ನಿಲ್ಲಲಿಲ್ಲ. ಗುಂಡಿನ ಹಿಂದೆ ಬೆಳ್ಳಗೆ ಒಂದು ಹಾರಿಹೋಗಿ ನೀರ ಮೇಲೆ ತೇಲಿತು. ತಿರುಗಿ ನೋಡಿದರೆ, ನನ್ನ ಬೆನ್ನ ಹಿಂದೆ ಬಂದು ನಿಂತಿದ್ದ ಯಜಮಾನರ ಬೋಳು ತಲೆ ಬಿಸಿಲಿಗೆ ಹೊಳೆಯುತ್ತಿತ್ತು.

"ನನ್ನ ಟೊಪಗಿ," ಎಂದರು ಅವರು, ಮೆಲ್ಲಗೆ.

ಸುತ್ತಿ ತೆಗೆದೆ. ಏನೇ ಅನ್ನಿ, ಕೋಲು ಬಾಗಲಿಲ್ಲ. ದಾರ ಜಾರಲಿಲ್ಲ. ಟೊಪ್ಪಿಗೆ ನೇರವಾಗಿ ದಂಡೆಗೆ ಬಂತು. ನಾನು ಅದನ್ನು ಹಿಂಡಿ ಅವರ ಕೈಗೆ ಕೊಟ್ಟೆ, ಅವರು ತಮ್ಮ ಕಲ್ಲಿಗೆ ಮರಳಿದರು.

"ಟೊಪಗಿ ಲೆಕ್ಕಕ್ಕ ಬರೂದಿಲ್ರಿ ಅಕ್ಕಾರ," ಎಂದ ಮಾಬುಸಾಬ.

"ನಿನ್ನ ಯಾರ ಕೇಳಿದ್ರು?"

ಮೂರನೆಯ ಸಲ ಜೋರು ಕಡಿಮೆ ಮಾಡಿದೆ. ಗುಂಡು ದಂಡೆಯಿಂದ ಎರಡು ಮಾರು ದೂರದಲ್ಲೇ ಬಿತ್ತು. ಅರ್ಧ ನೂಲು ಸುರುಳಿ ಸುರುಳಿಯಾಗಿ ನೀರಲ್ಲೇ ಬಿಚ್ಚಿಕೊಂಡಿತು. ಇರಲಿ ಎಂದು ಕೀಲು ಹಾಕಿ ಹಾಗೇ ಕೂತೆ. ದ್ಯಾಮವ್ವ ಎಲೆ ಮಡಚಿ ಕೊಟ್ಟಳು. ಅಗಿಯುತ್ತ ಕೂತಾಗ ನನ್ನ ನೂಲ ಸುತ್ತ ನೀರು ಮೆಲ್ಲಗೆ ಕುದಿಯಲು ಶುರುವಾಯಿತು.

ಮೊದಲು ಗುಳ್ಳೆ. ಆಮೇಲೆ ಬಾಯಿ. ಸಣ್ಣವು, ದೊಡ್ಡವು, ಸಾಲು ಸಾಲಾಗಿ ಬಾಯಿ. ನಾನು ಎದ್ದು ನಿಂತೆ. ಕೆರೆಯಲ್ಲಿದ್ದ ಮೀನೆಲ್ಲ ನನ್ನ ಕಡೆಗೇ ಬಂದಿದ್ದವು. "ನೋಡ್ರಿ," ಎಂದೆ, "ಈಗ ನೋಡ್ರಿ ಫಕೀರವ್ವನ ಗಾಳ." ಕೋಲನ್ನು ಎರಡೂ ಕೈಯಿಂದ ಹಿಡಿದು ಕಾದೆ. ಮೀನು ಒಂದೂ ಕೊಂಡಿಯ ಹತ್ತಿರ ಹೋಗಲಿಲ್ಲ. ಕೊಂಡಿ ತಳದ ಕೆಸರಲ್ಲಿ ಹಿಟ್ಟಿನ ಸಮೇತ ಮಲಗಿತ್ತು. ಮೀನೆಲ್ಲ ನನ್ನ ನೂಲನ್ನು ಆ ತುದಿಯಿಂದ ಈ ತುದಿಯವರೆಗೆ ಚೀಪುತ್ತಿದ್ದವು. ಅಕ್ಕಿ ಹಿಟ್ಟಿನ ಗಂಜಿ, ಎರಡು ಹನಿ ಶೇಂಗಾ ಎಣ್ಣೆ.

ಯಜಮಾನರು ಕಲ್ಲಿನಿಂದ ಎದ್ದು, ಆ ಪ್ರಸಿದ್ಧ ಮೊಣಕಾಲಿನಿಂದ ಹತ್ತು ಹೆಜ್ಜೆ ನಡೆದು ಬಂದು, ನನ್ನ ನೂಲಿನ ಪಕ್ಕಕ್ಕೇ ತಮ್ಮ ಗಾಳ ಇಳಿಬಿಟ್ಟರು. ಬಿಟ್ಟ ಕೂಡಲೇ ಒಂದು ಎತ್ತಿದರು. ಮತ್ತೆ ಬಿಟ್ಟರು, ಮತ್ತೊಂದು. ಮಾಬುಸಾಬ ಈ ಕಡೆಯಿಂದ ಬಂದು ತನ್ನದನ್ನೂ ಇಳಿಬಿಟ್ಟ.

"ರೀ, ಅವು ನನ್ನ ಮೀನ."

"ಮೀನಿನ ಮ್ಯಾಲ ಹೆಸರ ಬರದೈತೇನು?"

"ಸೀರಿ ಮ್ಯಾಲ ಬರದಿತ್ತೇನು? ಅದನ್ನೂ ನಿಮ್ಮದ ಅಂದ್ರಿ."

ಯಜಮಾನರು ತಿರುಗಿ ನನ್ನನ್ನು ನೋಡಿದರು. ಆಗಲೇ ನನ್ನ ನೂಲು ಬಿಗಿಯಿತು.

ಕೆಸರಲ್ಲಿದ್ದ ಕೊಂಡಿಯನ್ನು ಕೊನೆಗೂ ಒಂದು ಕಂಡಿತ್ತು. ದೊಡ್ಡದು. ಅದು ತಿರುಗಿದಾಗ ಬೆನ್ನು ಕಂಡಿತು, ಒನಕೆಯ ತುಂಡಿನ ಹಾಗೆ. ದ್ಯಾಮವ್ವ ಎಲೆ ಉಗುಳಿ ಎದ್ದು ನಿಂತಳು. "ಜಗ್ಗ ಯಕ್ಕಾ." ಜಗ್ಗಿದೆ. ಮೀನೂ ಜಗ್ಗಿತು. ಬಾಗುವ ಕೋಲು ಯಾಕೆ ಬಾಗುತ್ತದೆ, ಜಾರುವ ದಾರ ಯಾಕೆ ಜಾರುತ್ತದೆ ಎಂದು ಆ ಕ್ಷಣದಲ್ಲಿ ನನಗೆ ಪೂರ್ತಿ ಅರ್ಥವಾಯಿತು. ಜಗಳದಲ್ಲಿ ಯಾರಾದರೂ ಒಬ್ಬರು ಸ್ವಲ್ಪ ಸಡಿಲ ಬಿಡಬೇಕು. ಇಲ್ಲಿ ಕೋಲು ಬಾಗಲಿಲ್ಲ. ಇಕ್ಕಳ ಹಾಕಿ ಬಿಗಿದ ರಾಟಿ ಜಾರಲಿಲ್ಲ. ನಾನು ಬಿಡಲಿಲ್ಲ. ಮೀನೂ ನನ್ನಂಥದೇ ಹಠಮಾರಿ. ಉಳಿದದ್ದು ನೂಲು. ಗಂಜಿಯನ್ನೆಲ್ಲ ಮೀನು ಉಂಡಿದ್ದವು, ಎಳೆಗಳನ್ನು ಅರ್ಧ ಕಡಿದಿದ್ದವು. ಪಾತ್ರೆಯವನನ್ನು ಕೆಡವಿದ ನೂಲು ಮೀನಿನ ಮುಂದೆ ಟಪ್ ಎಂದಿತು.

ನಾನು ಹಿಂದಕ್ಕೆ ಹೋಗಿ ಕೆಸರಲ್ಲಿ ಕೂತೆ. ಸದ್ದು ಮೊದಲ ಸಲ ಗುಂಡು ಬಿದ್ದದ್ದಕ್ಕಿಂತ ದೊಡ್ಡದಾಗಿತ್ತು.

ಯಾರೂ ನಗಲಿಲ್ಲ. ಅದು ಇನ್ನೂ ಕೆಟ್ಟದ್ದು. ಯಜಮಾನರು ಕೈ ಕೊಟ್ಟು ಎಬ್ಬಿಸಿದರು. ದ್ಯಾಮವ್ವ ಬೆನ್ನಿನ ಕೆಸರು ಒರೆಸುತ್ತ ನನ್ನ ಕಿವಿಯಲ್ಲಿ ಹೇಳಿದಳು, "ಅವರ ಬುಟ್ಟ್ಯಾಗಿಂದ ಒಂದ ತಗದು ನಿನ್ನ ಕೊಂಡಿಗೆ ಸಿಗಿಸಿದ್ರ ಹೆಂಗ? ನಾ ಸಾಕ್ಷಿ ಹೇಳ್ತೇನಿ."

"ಕೊಂಡಿನ ಇಲ್ಲಲ್ಲ," ಎಂದೆ. ಇದ್ದರೂ ಸಿಗಿಸುತ್ತಿರಲಿಲ್ಲ. ಸೋತೆ ಎಂದರೆ ಸೋತೆ.

ಅಷ್ಟು ದೊಡ್ಡ ಬೇಟೆ ಯಜಮಾನರ ಕೈಗೆ ಹಿಂದೆಂದೂ ಬಿದ್ದಿರಲಿಲ್ಲ. ಬುಟ್ಟಿ ಸಾಲದೆ ಮಾಬುಸಾಬನ ಹೆಗಲ ಟವಲಿನಲ್ಲೂ ಕಟ್ಟಿಕೊಂಡೆವು. ಮನೆಗೆ ಬಂದು ನಾನು ಮೈ ತೊಳೆದುಕೊಂಡು, ಹಿಟ್ಟಿನ ಡಬ್ಬಿ ತೆಗೆದು, ಬಾಯಿ ಮುಚ್ಚಿಕೊಂಡು ಹಿಟ್ಟು ನಾದುವ ಪರಾತದ ಮುಂದೆ ಕೂತೆ. ಮಾತು ಅಂದರೆ ಮಾತು. ಯಜಮಾನರು ಬಂದು ಬಾಗಿಲಲ್ಲಿ ನಿಂತರು. ಮೀಸೆ ತಿಕ್ಕುತ್ತಿದ್ದರು.

"ಅಲ್ಲಾ," ಎಂದರು, "ಹಿಟ್ಟು ಬ್ಯಾಡ. ಇನ್ನ ಮ್ಯಾಲ ಗಂಜಿ ಕಾಸು, ನನ್ನ ಕೊಂಡಿಗೂ ಅದರ ಮುದ್ದಿ ಸಾಕು. ನೂಲಿಗೆ ಹಚ್ಚು. ನೀ ನಿನ್ನ ಕೋಲು ಹಾಕು, ಬಾಜೂಕ ನಾ ನನ್ನದು ಹಾಕತೇನಿ."

ನಾನು ಪರಾತ ಬದಿಗೆ ಸರಿಸಿದೆ. "ಏನಂದ್ರಿ?"

"ಗಂಜಿ ಕಾಸು ಅಂದೆ."

"ಹಿಟ್ಟು ನಾದೂಮುಂದ ಬಾಯಿ ಮುಚ್ಚಬೇಕು ಅಂತ ಮಾತ ಆಗಿತ್ತು. ಗಂಜಿ ಕಾಸೂಮುಂದ ಮುಚ್ಚಬೇಕು ಅಂತ ಆಗಿತ್ತೇನ್ರಿ?"

ಗೋಡೆಯ ಮೇಲೆ ತಲೆ ಎದ್ದಿತು.

"ಇಲ್ಲ ಬಿಡ್ರಿ ಮಾವಾರ," ಎಂದಳು ದ್ಯಾಮವ್ವ. "ಗಂಜಿ ಮಾತ ಬಂದಿಲ್ಲ. ನಾ ಸಾಕ್ಷಿ ಅದೇನಿ."

"ಹಿಟ್ಟರ ನಾದಸ್ರಿ, ನಾ ತುಟಿ ಬಿಚ್ಚಾಂಗಿಲ್ಲ," ಎಂದೆ. "ಗಂಜಿ ಬೇಕಂದ್ರ ಕೇಳಾಕ ತಯಾರಾಗ್ರಿ."

ಅವರು ಬುಟ್ಟಿಯ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ. ಮೀನೋ, ಶಾಂತಿಯೋ ಎಂದು ಲೆಕ್ಕ ಹಾಕಿದರು. ಮೀನು ಗೆದ್ದಿತು.

ಆವತ್ತಿನಿಂದ ವಾರಕ್ಕೆ ಮೂರು ದಿನ ನಾನು ಗಂಜಿ ಕಾಸುತ್ತೇನೆ. ಕಾಸುವಷ್ಟು ಹೊತ್ತೂ ಮಾತಾಡುತ್ತೇನೆ. ಗಂಜಿ ಮೆಲ್ಲಗೆ ಕಾಯಬೇಕು, ಹಾಗಾಗಿ ಮದುವೆಯಾದ ವರ್ಷದಿಂದ ಹಿಡಿದು ಎಲ್ಲವನ್ನೂ ಹೇಳಲು ಸಮಯ ಸಿಗುತ್ತದೆ. ಯಜಮಾನರು ಕೂತು ಕೇಳುತ್ತಾರೆ. ಎದ್ದು ಹೋದರೆ ಒಲೆ ಆರಿಸುತ್ತೇನೆ. ಆಮೇಲೆ ಇಬ್ಬರೂ ಕೆರೆಗೆ ಹೋಗುತ್ತೇವೆ. ಬಾಗುವ ಕೋಲು ತಂದುಕೊಡಲೇ ಎಂದು ಮಾಬುಸಾಬ ಎರಡು ಸಲ ಕೇಳಿದ. ಬೇಡ ಎಂದೆ. ನಾನು ಆರಿಸಿದ್ದು ಒಳ್ಳೆಯ ಕೋಲು. ಕೆರೆ ಸಣ್ಣದಾದರೆ ಕೋಲು ಏನು ಮಾಡೀತು?

ಆ ಕೋಲಿನಿಂದ ಈವರೆಗೆ ಒಂದು ಮೀನನ್ನೂ ಎತ್ತಿಲ್ಲ. ಆದರೆ ನಾನು ದಂಡೆಗೆ ಬಂದರೆ ಸಾಕು, ಕೆರೆಯ ಮೀನೆಲ್ಲ ಬಾಯಿ ತೆರೆದುಕೊಂಡು ಸಾಲಾಗಿ ಬಂದು ಕಾಯುತ್ತವೆ, ಮೊದಲಿಗಿಂತ ಮೈ ತುಂಬಿಕೊಂಡಿವೆ. ಮನೆಯಲ್ಲಿದ್ದವರಿಗೆ ಬೇಯಿಸಿ ಹಾಕಿ ಸಾಕಾಯಿತೆಂದು ಗಾಳ ಹಿಡಿದವಳು ನಾನು. ಈಗ ಕೆರೆಯಲ್ಲಿದ್ದವರಿಗೂ ಬೇಯಿಸಿ ಹಾಕುತ್ತಿದ್ದೇನೆ.